ಎಡಿಟಿಂಗ್ ಸಾಫ್ಟ್‌ವೇರ್ ಗುಡ್ಡೆ ಹಾಕೋ ಆಡಿಯೋ ಕ್ಯಾಶ್ ಫೈಲ್‌ಗಳು: ಯಾವುದನ್ನ ಅಳಿಸಬಹುದು, ಯಾವುದರಿಂದ ದನಿ ವಾಪಸ್ ತೆಗೀಬಹುದು

ವಿಡಿಯೋ ಎಡಿಟಿಂಗ್ ಶುರು ಮಾಡಿ ಕೆಲವು ತಿಂಗಳಾದ ಮೇಲೆ ಎಲ್ಲರಿಗೂ ಒಂದಿನ ಸಿ ಡ್ರೈವ್ ಕೆಂಪಗಾಗತ್ತೆ. ಜಾಗ ಎಲ್ಲಿ ಹೋಯ್ತು ಅಂತ ಹುಡುಕ್ತಾ ಹೋದ್ರೆ ಯಾವುದೋ ಮೂಲೆಯಲ್ಲಿರೋ ಫೋಲ್ಡರ್‌ನಲ್ಲಿ ಸಿಎಫ್‌ಎ, ಪಿಇಕೆ, ಎಸ್‌ಎಫ್‌ಕೆ ಅಂತೆಲ್ಲ ಎಕ್ಸ್‌ಟೆನ್ಶನ್ ಇರೋ ನೂರಾರು ಫೈಲ್ ಸಿಗತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ಯಾವ ಪ್ಲೇಯರೂ ಓಪನ್ ಮಾಡಲ್ಲ. ಇವೇ ಕ್ಯಾಶ್ ಫೈಲ್‌ಗಳು, ಸಾಫ್ಟ್‌ವೇರ್ ತನ್ನ ಕೆಲಸ ಬೇಗ ಆಗಲಿ ಅಂತ ಪಕ್ಕಕ್ಕೆ ಬರೆದಿಟ್ಕೊಳ್ಳೋವು. ಆಗ ಬರೋ ಪ್ರಶ್ನೆ ಎರಡೇ. ಇದನ್ನ ಡಿಲೀಟ್ ಮಾಡಬಹುದಾ? ಇದನ್ನ ಎಂಪಿ3ನೋ ವೇವ್ ಫೈಲೋ ಮಾಡಕ್ಕಾಗತ್ತಾ?

ಎರಡಕ್ಕೂ ಉತ್ತರ ಹೇಳೋ ಮುಂಚೆ ನಾನು ತಿರುಗಿ ಕೇಳೋದು ಒಂದೇ ಮಾತು: ಈ ಫೈಲ್‌ನ ಮೂಲ ರೆಕಾರ್ಡಿಂಗ್ ಈಗ ಎಲ್ಲಿದೆ? ಮೂಲ ನಿಮ್ಮ ಕೈಲಿದ್ರೆ ಕ್ಯಾಶ್ ಫೈಲ್ ಕನ್ವರ್ಟ್ ಮಾಡೋ ಅಗತ್ಯವೇ ಇಲ್ಲ, ಅಳಿಸಿದ್ರೂ ನಷ್ಟ ಇಲ್ಲ. ಮೂಲ ಇಲ್ಲ ಅಂದ್ರೆ ಆ ಕ್ಯಾಶ್ ಫೈಲೇ ಈಗ ನಿಮ್ಮ ಮೂಲ, ಅದನ್ನ ಮುಟ್ಟೋ ಮುಂಚೆ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಇದೊಂದನ್ನ ಕೇಳ್ಕೊಳ್ಳದೆ ಕ್ಲೀನರ್ ಆ್ಯಪ್ ಓಡಿಸಿ ವರ್ಷಗಟ್ಟಲೆ ರೆಕಾರ್ಡಿಂಗ್ ಕಳಕೊಂಡವರು ತುಂಬ ಜನ ಇದ್ದಾರೆ, ಹಾಗೇ ಬೇಡದ ಕ್ಯಾಶ್‌ನ ಹೆದರಿಕೊಂಡು ವರ್ಷಗಟ್ಟಲೆ ಇಟ್ಕೊಂಡು ಹೊಸ ಹೊಸ ಹಾರ್ಡ್‌ಡಿಸ್ಕ್ ಕೊಳ್ಳೋರೂ ಇದ್ದಾರೆ.

ಹೊರಗಿಂದ ನೋಡಿದ್ರೆ ಈ ಫೈಲ್‌ಗಳೆಲ್ಲ ಒಂದೇ ಥರ ಕಾಣತ್ತೆ, ಆದ್ರೆ ಒಳಗೆ ಮೂರು ಜಾತಿ. ಒಂದು, ಮೂಲ ದನಿಯನ್ನ ಬಿಚ್ಚಿ ಬರೆದಿಟ್ಟ ಪೂರ್ತಿ ನಕಲು. ಅಡೋಬಿ ಪ್ರೀಮಿಯರ್, ವೇಗಾಸ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ಗಳ ಸಿಎಫ್‌ಎ, ಎಸ್‌ಎಫ್‌ಎಪಿ0 ಈ ಜಾತಿ. ಎರಡು, ಟೈಮ್‌ಲೈನ್ ಮೇಲೆ ಕಾಣೋ ಅಲೆಅಲೆ ಚಿತ್ರ ಬಿಡಿಸಕ್ಕೆ ಬೇಕಾದ ಅಂಕಿಗಳು ಮಾತ್ರ. ಪ್ರೀಮಿಯರ್‌ನ ಪಿಇಕೆ, ವೇಗಾಸ್‌ನ ಎಸ್‌ಎಫ್‌ಕೆ, ಆಡಿಶನ್‌ನ ಪಿಕೆಎಫ್, ರೀಪರ್‌ನ ರೀಪೀಕ್ಸ್ ಎಲ್ಲ ಇದು. ಮೂರನೇದು ಹೆಸರಿಗೆ ಟೆಂಪರರಿ ಥರ ಕಂಡ್ರೂ ನಿಜವಾದ ದನಿಯೇ ತುಂಡು ತುಂಡಾಗಿ ಕೂತಿರೋ ಫೈಲ್‌ಗಳು, ಅಡಾಸಿಟಿ ಅನ್ನೋ ದನಿ ರೆಕಾರ್ಡಿಂಗ್, ಎಡಿಟಿಂಗ್ ಸಾಫ್ಟ್‌ವೇರ್‌ನ ಹಳೇ ಆವೃತ್ತಿಗಳ ಸಾವಿರಾರು ಎಯು ಫೈಲ್‌ಗಳು ಹಾಗೆ. ಮೊದಲನೇದನ್ನ ಕನ್ವರ್ಟ್ ಮಾಡಬಹುದು, ಎರಡನೇದನ್ನ ಯಾರ ಕೈಲೂ ಆಗಲ್ಲ, ಮೂರನೇದನ್ನ ಮಾಡಬಹುದು ಆದ್ರೆ ತಾಳ್ಮೆ ಬೇಕು.

ಪ್ರೀಮಿಯರ್‌ನಿಂದ ಶುರು ಮಾಡೋಣ, ಯಾಕಂದ್ರೆ ನಮ್ಮಲ್ಲಿ ಮದುವೆ ವಿಡಿಯೋದಿಂದ ಹಿಡಿದು ಯೂಟ್ಯೂಬ್ ಚಾನೆಲ್‌ವರೆಗೆ ತುಂಬ ಜನ ಬಳಸೋದು ಅದನ್ನೇ. ನೀವು ಮೊಬೈಲ್‌ನಲ್ಲೋ ಕ್ಯಾಮೆರಾದಲ್ಲೋ ತೆಗೆದ ಎಂಪಿ4 ಫೈಲ್ ಒಳಗಿನ ದನಿ ಸಾಮಾನ್ಯವಾಗಿ ಎಎಸಿ ಅನ್ನೋ ಫಾರ್ಮ್ಯಾಟ್‌ನಲ್ಲಿ ಕುಗ್ಗಿಸಿಟ್ಟಿರತ್ತೆ. ಎಎಸಿಯಲ್ಲಿ ದನಿ ಸ್ಯಾಂಪಲ್ ಸ್ಯಾಂಪಲ್ ಆಗಿ (ಸ್ಯಾಂಪಲ್ ಅಂದ್ರೆ ದನಿಯನ್ನ ಅಳೆದು ಬರೆದಿಟ್ಟ ಒಂದೊಂದು ಅಂಕಿ) ಕೂತಿರಲ್ಲ, 1024 ಸ್ಯಾಂಪಲ್‌ಗಳ ಒಂದೊಂದು ಫ್ರೇಮ್ ಆಗಿ ಕೂತಿರತ್ತೆ, ಜೊತೆಗೆ ಒಂದು ಫ್ರೇಮ್ ಬಿಚ್ಚಬೇಕಂದ್ರೆ ಅಕ್ಕಪಕ್ಕದ ಫ್ರೇಮ್‌ನ ಸಹಾಯವೂ ಬೇಕು. ಸುಮ್ಮನೆ ಕೂತು ಕೇಳೋರಿಗೆ ಇದರಿಂದ ಏನೂ ತೊಂದರೆ ಇಲ್ಲ. ಆದ್ರೆ ಎಡಿಟ್ ಮಾಡೋರು ಪ್ಲೇಹೆಡ್ ಹಿಡಿದು ಹಿಂದೆ ಮುಂದೆ ಎಳೀತಾ ಇರ್ತಾರೆ, ಒಂದು ಅಕ್ಷರದ ಮಧ್ಯೆ ಕಟ್ ಹಾಕ್ತಾರೆ, ನಾಲ್ಕು ಟ್ರ್ಯಾಕ್ ಒಟ್ಟಿಗೆ ಓಡಿಸ್ತಾರೆ, ಪ್ರತಿ ಸಲ ಪ್ರತಿ ಟ್ರ್ಯಾಕ್‌ನ ಕುಗ್ಗಿಸಿದ ದನಿಯನ್ನ ಬಿಚ್ಚುತ್ತಾ ಕೂತ್ರೆ ಕಂಪ್ಯೂಟರ್ ತಡವರಿಸತ್ತೆ. ಮೇಲಿಂದ ಒಂದು ಕ್ಲಿಪ್ 44,100 ಹರ್ಟ್ಸ್ ಸ್ಯಾಂಪಲ್ ರೇಟ್‌ನಲ್ಲಿ, ಅಂದ್ರೆ ಸೆಕೆಂಡಿಗೆ ಅಷ್ಟು ಸ್ಯಾಂಪಲ್‌ನಲ್ಲಿರತ್ತೆ, ಇನ್ನೊಂದು 48,000ದಲ್ಲಿ. ಅದಕ್ಕೇ ಪ್ರೀಮಿಯರ್ ಏನ್ ಮಾಡತ್ತೆ ಅಂದ್ರೆ, ಕ್ಲಿಪ್ ಇಂಪೋರ್ಟ್ ಆದ ಕೂಡ್ಲೇ ಅದರ ದನಿಯನ್ನ ಒಂದೇ ಸಲ ಪೂರ್ತಿ ಬಿಚ್ಚಿ, ಸೀಕ್ವೆನ್ಸ್‌ನ (ಕ್ಲಿಪ್‌ಗಳನ್ನ ಜೋಡಿಸೋ ಟೈಮ್‌ಲೈನ್) ಸ್ಯಾಂಪಲ್ ರೇಟ್‌ಗೆ ಹೊಂದಿಸಿ, 32-ಬಿಟ್ ಫ್ಲೋಟ್ (ದಶಮಾಂಶ ಅಂಕಿಯ) ರೂಪದಲ್ಲಿ ಒಂದು ಫೈಲ್‌ಗೆ ಬರೆದಿಡತ್ತೆ. ಇದೇ ಕನ್‌ಫಾರ್ಮಿಂಗ್. ಕೆಳಗೆ ಬಲಗಡೆ ಒಂದು ಪಟ್ಟಿ ನಿಧಾನಕ್ಕೆ ತುಂಬ್ತಾ ಇರತ್ತಲ್ಲ, ಅದು ಮುಗಿಯೋವರೆಗೂ ಕೆಲವು ಕ್ಲಿಪ್‌ನಲ್ಲಿ ದನಿ ಬರಲ್ಲ, ಅಷ್ಟು ಹೊತ್ತು ಹಿಂದೆ ನಡೀತಿರೋದು ಇದೇ ಕೆಲಸ. ಹಾಗೆ ಹುಟ್ಟೋ ಫೈಲೇ ಸಿಎಫ್‌ಎ. ಮೊದಲೇ ಬಿಚ್ಚಿರೋ ವೇವ್ ಫೈಲ್ ಕೊಟ್ಟು, ಅದರ ರೇಟೂ ಸೀಕ್ವೆನ್ಸ್‌ನ ರೇಟೂ ಒಂದೇ ಇದ್ರೆ ಸಾಮಾನ್ಯವಾಗಿ ಈ ನಕಲು ಬೇಕಾಗಲ್ಲ, ಪಿಇಕೆ ಮಾತ್ರ ಹುಟ್ಟತ್ತೆ.

ಜಾಗ ಯಾಕೆ ಅಷ್ಟು ತಿನ್ನತ್ತೆ ಅಂತ ಲೆಕ್ಕ ಹಾಕಿದ್ರೆ ಗೊತ್ತಾಗತ್ತೆ. 32-ಬಿಟ್ ಅಂದ್ರೆ ಒಂದು ಸ್ಯಾಂಪಲ್‌ಗೆ 4 ಬೈಟ್. ಸೆಕೆಂಡಿಗೆ 48,000 ಸ್ಯಾಂಪಲ್, ಸ್ಟೀರಿಯೋ ಅಂದ್ರೆ ಎರಡು ಚಾನೆಲ್, ಒಟ್ಟು ಸೆಕೆಂಡಿಗೆ 3,84,000 ಬೈಟ್. ಅಂದ್ರೆ ನಿಮಿಷಕ್ಕೆ ಸುಮಾರು 23 ಎಂಬಿ, ಗಂಟೆಗೆ ಸುಮಾರು 1.38 ಜಿಬಿ. ಅದೇ ದನಿ 128 ಕೆಬಿಪಿಎಸ್ ಎಎಸಿಯಲ್ಲಿ ಗಂಟೆಗೆ 58 ಎಂಬಿಯೊಳಗೆ ಮುಗಿಯತ್ತೆ, ಅಂದ್ರೆ ಬಿಚ್ಚಿದ ಮೇಲೆ 24 ಪಟ್ಟು ದೊಡ್ಡದು. ಕರಾವಳಿಯಲ್ಲಿ ರಾತ್ರಿಯಿಡೀ ನಡೆಯೋ ಯಕ್ಷಗಾನದ ಆಟವನ್ನ ಪೂರ್ತಿ ರೆಕಾರ್ಡ್ ಮಾಡೋರು ಇದ್ದಾರಲ್ಲ, ಎಂಟು ಗಂಟೆಯ ಒಂದು ಆಟಕ್ಕೆ ಬರೀ ದನಿಯ ಕ್ಯಾಶ್ 11 ಜಿಬಿ ದಾಟತ್ತೆ. ಎರಡು ಕ್ಯಾಮೆರಾ ಇಟ್ಟಿದ್ರೆ ಎರಡು ಪಟ್ಟು. ಸೀಸನ್‌ನಲ್ಲಿ ವಾರಕ್ಕೆರಡು ಆಟ ಅಂತ ಲೆಕ್ಕ ಹಾಕಿ.

ಇಲ್ಲಿ ಒಂದು ತಪ್ಪು ನಂಬಿಕೆಯೂ ಇದೆ, ಸಿಎಫ್‌ಎ 32-ಬಿಟ್ ಇರೋದ್ರಿಂದ ಅದು ಮೂಲಕ್ಕಿಂತ ಒಳ್ಳೇ ಕ್ವಾಲಿಟಿ ಅಂತ. ಅಲ್ಲ. ಎಎಸಿ ಮಾಡುವಾಗ ಬಿಟ್ಟುಹೋದ ವಿವರ ಬಿಚ್ಚಿದ ಮಾತ್ರಕ್ಕೆ ತಿರುಗಿ ಬರಲ್ಲ, ಪಾತ್ರೆ ದೊಡ್ಡದಾಯ್ತು ಅಷ್ಟೇ, ಹಾಲು ಅಷ್ಟೇ ಇದೆ. ಫ್ಲೋಟ್ ಬಳಸೋದಕ್ಕೆ ಕಾರಣ ಬೇರೆ: ಮಿಕ್ಸ್ ಮಾಡುವಾಗ ಲೆಕ್ಕ ಎಷ್ಟು ಸಲ ಮಾಡಿದ್ರೂ ದುಂಡಗೆ ಮಾಡೋ ದೋಷ ಕಿವಿಗೆ ಕೇಳಿಸೋ ಮಟ್ಟಕ್ಕೆ ಬೆಳೆಯಲ್ಲ, ಲೆವೆಲ್ ಸೊನ್ನೆ ಡೆಸಿಬಲ್ ದಾಟಿದ್ರೂ ತುದಿ ಕತ್ತರಿಸಿ ಹೋಗಲ್ಲ.

ಫೈಲ್‌ಗಳು ಇರೋ ಜಾಗ: ವಿಂಡೋಸ್‌ನಲ್ಲಿ ನಿಮ್ಮ ಯೂಸರ್ ಫೋಲ್ಡರ್ ಒಳಗೆ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಅಡೋಬಿ, ಕಾಮನ್, ಅಲ್ಲಿ ಮೀಡಿಯಾ ಕ್ಯಾಶ್ ಫೈಲ್ಸ್ ಅನ್ನೋ ಫೋಲ್ಡರ್. ಆಪ್‌ಡೇಟಾ ಹಿಡನ್ ಆಗಿರೋದ್ರಿಂದ ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಐಟಮ್ಸ್ ಆನ್ ಮಾಡ್ಕೋಬೇಕು. ಮ್ಯಾಕ್‌ನಲ್ಲಿ ಯೂಸರ್ ಲೈಬ್ರರಿಯ ಅಪ್ಲಿಕೇಶನ್ ಸಪೋರ್ಟ್ ಒಳಗೆ ಇದೇ ದಾರಿ. ಪ್ರೀಮಿಯರ್‌ನ ಪ್ರಿಫರೆನ್ಸಸ್‌ನಲ್ಲಿ ಮೀಡಿಯಾ ಕ್ಯಾಶ್ ಅನ್ನೋ ಪುಟಕ್ಕೆ ಹೋದ್ರೆ ಜಾಗ ಬದಲಿಸಬಹುದು, ಅಲ್ಲೇ ಅಳಿಸಬಹುದು, ಇಷ್ಟು ದಿನಕ್ಕಿಂತ ಹಳೇದನ್ನ ತಾನಾಗೇ ಅಳಿಸು ಅಂತನೂ ಹೇಳಬಹುದು. ಮೂಲ ಕ್ಲಿಪ್‌ಗಳೆಲ್ಲ ಭದ್ರವಾಗಿದ್ರೆ ಧೈರ್ಯವಾಗಿ ಅಳಿಸಿ, ಮುಂದಿನ ಸಲ ಪ್ರಾಜೆಕ್ಟ್ ತೆಗೆದಾಗ ಪ್ರೀಮಿಯರ್ ಮತ್ತೆ ಬರ್ಕೊಳ್ಳತ್ತೆ, ಸ್ವಲ್ಪ ಹೊತ್ತು ಕಾಯಬೇಕು, ಇನ್ನೇನಿಲ್ಲ.

ಪೀಕ್ ಫೈಲ್, ಅಂದ್ರೆ ಅಲೆ ಚಿತ್ರದ ಅಂಕಿ ಮಾತ್ರ ಇರೋ ಆ ಎರಡನೇ ಜಾತಿಯ ವಿಷಯಕ್ಕೆ ಬರೋಣ, ಯಾಕಂದ್ರೆ ಜನ ಅತಿ ಹೆಚ್ಚು ಸಮಯ ಹಾಳು ಮಾಡ್ಕೊಳ್ಳೋದು ಇಲ್ಲೇ. ಪಿಇಕೆ ಟು ಎಂಪಿ3 ಕನ್ವರ್ಟರ್ ಅಂತ ಹುಡುಕಿದ್ರೆ ಹತ್ತಾರು ಸೈಟ್ ಬರತ್ತೆ, ಅಪ್‌ಲೋಡ್ ಮಾಡಿ ಅನ್ನತ್ತೆ, ಕೊನೆಗೆ ಏನೂ ಸಿಗಲ್ಲ. ಸಿಗಕ್ಕೆ ಸಾಧ್ಯವೂ ಇಲ್ಲ. ಯಾಕೆ ಅಂತ ಅಡಾಸಿಟಿಯ ಉದಾಹರಣೆಯಲ್ಲಿ ಸ್ಪಷ್ಟವಾಗಿ ಕಾಣತ್ತೆ, ಅದರ ಲೆಕ್ಕ ಎಲ್ಲರಿಗೂ ತೆರೆದಿದೆ. ಅಡಾಸಿಟಿ ತನ್ನ ಅಲೆ ಚಿತ್ರಕ್ಕೆ ಪ್ರತಿ 256 ಸ್ಯಾಂಪಲ್‌ಗೆ ಮೂರು ಅಂಕಿ ಇಟ್ಕೊಳ್ಳತ್ತೆ: ಆ ತುಂಡಿನಲ್ಲಿ ಅತಿ ಮೇಲೆ ಹೋದದ್ದು ಎಷ್ಟು, ಅತಿ ಕೆಳಗೆ ಇಳಿದದ್ದು ಎಷ್ಟು, ಸರಾಸರಿ ಬಲ ಎಷ್ಟು. ಇನ್ನೂ ಝೂಮ್ ಔಟ್ ಮಾಡಿದಾಗ ಬಳಸಕ್ಕೆ 65,536 ಸ್ಯಾಂಪಲ್‌ಗೆ ಇನ್ನೊಂದು ಸೆಟ್. ಸೆಕೆಂಡಿಗೆ 44,100 ಸ್ಯಾಂಪಲ್ ಇರೋ ಜಾಗದಲ್ಲಿ ಹೀಗೆ 172 ಬಿಂದು ಮಾತ್ರ ಉಳಿಯತ್ತೆ. ಒಂದು ದನಿಯ ಅಲೆ ಹಿಡೀಬೇಕಂದ್ರೆ ಅದರ ಫ್ರೀಕ್ವೆನ್ಸಿಯ ಎರಡು ಪಟ್ಟಾದ್ರೂ ಬಿಂದು ಬೇಕು, ಅಂದ್ರೆ 172 ಬಿಂದುಗೆ 86 ಹರ್ಟ್ಸ್ ಮೇಲಿನ ಯಾವುದೂ ಸಿಗಲ್ಲ. ಮನುಷ್ಯನ ಮಾತಿನಲ್ಲಿ ಅಕ್ಷರ ಗುರುತು ಹಿಡಿಯೋ ಭಾಗವೆಲ್ಲ ಅದಕ್ಕಿಂತ ಎಷ್ಟೋ ಮೇಲಿದೆ. ಯಾವಾಗ ಮಾತಾಡಿದ್ರು, ಯಾವಾಗ ಸುಮ್ಮನಿದ್ರು, ಯಾವಾಗ ಜೋರು ಮಾಡಿದ್ರು ಅಂತ ಪೀಕ್ ಫೈಲ್ ಹೇಳತ್ತೆ, ಏನು ಮಾತಾಡಿದ್ರು ಅಂತ ಹೇಳಲ್ಲ. ಸೈಜ್ ನೋಡಿದ್ರೂ ಗೊತ್ತಾಗತ್ತೆ, ಒಂದೇ ಕ್ಲಿಪ್‌ಗೆ ಸಿಎಫ್‌ಎ ನೂರಾರು ಎಂಬಿ ಇದ್ರೆ ಪಕ್ಕದ ಪಿಇಕೆ ಅದರ ಮುಂದೆ ತೀರಾ ಚಿಕ್ಕದು. ಪೀಕ್ ಫೈಲ್ ಮಾತ್ರ ಉಳಿದಿದೆ ಅಂದ್ರೆ ಅದನ್ನ ಬಿಟ್ಟು ಬೇರೆ ಕಡೆ ಹುಡುಕೋದೇ ಒಳ್ಳೇದು, ಮೆಮೊರಿ ಕಾರ್ಡ್‌ಗೆ ರಿಕವರಿ ಸಾಫ್ಟ್‌ವೇರ್ ಹಾಕೋದರಲ್ಲಿ ಅರ್ಥ ಇದೆ, ಇದರಲ್ಲಿ ಇಲ್ಲ.

ಸಿಎಫ್‌ಎ ಮಾತ್ರ ಉಳಿದಿದೆ ಅಂದ್ರೆ ಆಸೆ ಇಟ್ಕೋಬಹುದು. ಇದು ಅಪರೂಪವೇನಲ್ಲ. ಇಂಟರ್‌ವ್ಯೂ ತೆಗೆದು ಎಡಿಟ್‌ಗೆ ಇಂಪೋರ್ಟ್ ಮಾಡಿರ್ತಾರೆ, ಕಾರ್ಡ್ ಇನ್ನೊಂದು ಶೂಟ್‌ಗೆ ಫಾರ್ಮ್ಯಾಟ್ ಆಗತ್ತೆ, ಕಾಪಿ ಇದ್ದ ಎಕ್ಸ್‌ಟರ್ನಲ್ ಡಿಸ್ಕ್ ಕೆಡತ್ತೆ, ಪ್ರಾಜೆಕ್ಟ್ ತೆಗೆದ್ರೆ ಎಲ್ಲ ಕ್ಲಿಪ್ ಮೇಲೂ ಮೀಡಿಯಾ ಆಫ್‌ಲೈನ್ ಅನ್ನೋ ಕೆಂಪು ಪರದೆ. ಚಿತ್ರ ಹೋಯ್ತು, ಆದ್ರೆ ಆ ಮನುಷ್ಯನ ಮಾತು ಸಿ ಡ್ರೈವ್‌ನ ಕ್ಯಾಶ್ ಫೋಲ್ಡರ್‌ನಲ್ಲಿ ಪೂರ್ತಿ ಕೂತಿರಬಹುದು. ವಯಸ್ಸಾದ ಕಲಾವಿದರದ್ದೋ, ಮನೆಯ ಅಜ್ಜಿದೋ ಮಾತಾಗಿದ್ರೆ ಅದು ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ. ಹಾಗಾದಾಗ ಪ್ರೀಮಿಯರ್‌ನ ಮೀಡಿಯಾ ಕ್ಯಾಶ್ ಪುಟದಲ್ಲಿ ಯಾವ ಬಟನ್ನೂ ಒತ್ತಬೇಡಿ, ಅಲ್ಲಿ ಬಳಕೆಯಲ್ಲಿ ಇಲ್ಲದ ಕ್ಯಾಶ್ ಅಳಿಸು ಅನ್ನೋ ಆಯ್ಕೆಗೆ ನಿಮ್ಮ ಈ ಫೈಲೇ ಮೊದಲ ಬಲಿ ಆಗಬಹುದು. ತಾನಾಗೇ ಅಳಿಸೋ ಆಯ್ಕೆ ಆನ್ ಇದ್ರೆ ಇನ್ನೂ ಅವಸರ. ಮೊದಲು ಮೀಡಿಯಾ ಕ್ಯಾಶ್ ಫೈಲ್ಸ್ ಫೋಲ್ಡರನ್ನ ಹಾಗೇ ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ, ಮುಂದಿನ ಪ್ರಯೋಗವೆಲ್ಲ ಕಾಪಿ ಮೇಲೆ.

ಯಾವ ಫೈಲ್ ಯಾವ ಕ್ಲಿಪ್‌ದು ಅಂತ ಗುರುತು ಹಿಡಿಯೋದು ಕಷ್ಟ ಅಲ್ಲ. ಸಿಎಫ್‌ಎ ಹೆಸರಿನಲ್ಲಿ ಮೂಲ ಕ್ಲಿಪ್‌ನ ಹೆಸರೇ ಇರತ್ತೆ, ಅದರ ಪಕ್ಕ 48000 ಅಂತನೋ 44100 ಅಂತನೋ ಒಂದು ಅಂಕಿ ಇರತ್ತೆ. ಆ ಅಂಕಿನ ಬರೆದಿಟ್ಕೊಳ್ಳಿ, ಅದು ಸ್ಯಾಂಪಲ್ ರೇಟ್, ಮುಂದೆ ಬೇಕಾಗತ್ತೆ. ಮೂಲ ಕ್ಲಿಪ್ 44,100 ಇದ್ದಿರಬಹುದು, ಆದ್ರೆ ಕ್ಯಾಶ್‌ನಲ್ಲಿ 48,000ಕ್ಕೆ ಬದಲಾಗಿ ಕೂತಿದ್ರೆ ನಾವು ನಂಬಬೇಕಾದ್ದು ಕ್ಯಾಶ್‌ನ ಅಂಕಿಯನ್ನ.

ಎಕ್ಸ್‌ಟೆನ್ಶನ್ ಬದಲಿಸಿ ಡಾಟ್ ವೇವ್ ಅಂತ ಹೆಸರಿಟ್ರೆ ಕೆಲಸ ಆಗಲ್ಲ. ವೇವ್ ಫೈಲ್‌ನ ತಲೆಯಲ್ಲಿ ಒಂದು ಹೆಡರ್ ಇರತ್ತೆ, ರೇಟ್ ಎಷ್ಟು, ಚಾನೆಲ್ ಎಷ್ಟು, ಒಂದು ಸ್ಯಾಂಪಲ್‌ಗೆ ಎಷ್ಟು ಬಿಟ್ ಅಂತ ಪ್ಲೇಯರ್ ಅಲ್ಲಿಂದ ಓದ್ಕೊಳ್ಳತ್ತೆ. ಸಿಎಫ್‌ಎಯಲ್ಲಿ ಆ ಹೆಡರ್ ಇಲ್ಲ. ಅಡೋಬಿ ಇದನ್ನ ತನ್ನ ಸಾಫ್ಟ್‌ವೇರ್ ಓದಕ್ಕೆ ಮಾತ್ರ ಅಂತ ಮಾಡ್ಕೊಂಡಿರೋದು, ಹೊರಗಿನ ಪ್ಲೇಯರ್‌ಗೆ ಅಲ್ಲ. ಹಾಗಾಗಿ ಹೆಡರ್ ಹೇಳಬೇಕಾದ್ದನ್ನೆಲ್ಲ ನಾವು ಹೇಳಬೇಕು. ಅದಕ್ಕೆ ಅಡಾಸಿಟಿ ಸಾಕು, ಉಚಿತ ಸಾಫ್ಟ್‌ವೇರ್. ಫೈಲ್ ಮೆನುನಲ್ಲಿ ಇಂಪೋರ್ಟ್, ಅದರಲ್ಲಿ ರಾ ಡೇಟಾ. ಫೈಲ್ ಆರಿಸಿದ ಮೇಲೆ ಒಂದು ಚಿಕ್ಕ ಕಿಟಕಿ ಬರತ್ತೆ: ಎನ್‌ಕೋಡಿಂಗ್‌ಗೆ 32-ಬಿಟ್ ಫ್ಲೋಟ್, ಬೈಟ್ ಆರ್ಡರ್‌ಗೆ (ಒಂದು ಅಂಕಿಯ ಬೈಟ್‌ಗಳನ್ನ ಯಾವ ತುದಿಯಿಂದ ಓದಬೇಕು ಅನ್ನೋದು) ಲಿಟಲ್ ಎಂಡಿಯನ್, ಚಾನೆಲ್‌ಗೆ ಸ್ಟೀರಿಯೋ, ಆಫ್‌ಸೆಟ್ (ಮೊದಲು ಎಷ್ಟು ಬೈಟ್ ಬಿಟ್ಟು ಓದಬೇಕು ಅನ್ನೋದು) ಸೊನ್ನೆ, ರೇಟ್‌ಗೆ ಹೆಸರಿನಲ್ಲಿ ಕಂಡ ಅಂಕಿ. ಇಂಪೋರ್ಟ್ ಒತ್ತೋ ಮುಂಚೆ ಸ್ಪೀಕರ್ ವಾಲ್ಯೂಮ್ ತೀರಾ ಕಡಿಮೆ ಮಾಡಿ, ಹೆಡ್‌ಫೋನ್ ಕಿವಿಯಿಂದ ತೆಗೀರಿ. ಒಂದು ಆಯ್ಕೆ ತಪ್ಪಿದ್ರೂ ಪೂರ್ತಿ ಜೋರಿನ ಗೊರಗೊರ ಶಬ್ದ ಬರತ್ತೆ, ಕಿವಿಗೂ ಸ್ಪೀಕರ್‌ಗೂ ಅಪಾಯ.

ಈಗ ಕೇಳಿಸಿದ್ದರ ಮೇಲೆ ಏನು ತಪ್ಪಾಗಿದೆ ಅಂತ ಕಂಡುಹಿಡೀಬಹುದು, ನನಗೆ ಈ ಕೆಲಸದಲ್ಲಿ ತುಂಬ ಇಷ್ಟ ಆಗೋ ಭಾಗ ಇದು, ಯಾಕಂದ್ರೆ ತಪ್ಪೇ ದಾರಿ ತೋರಿಸತ್ತೆ. ಬರೀ ಗೊರಗೊರ ಬಂತು ಅಂದ್ರೆ ಎನ್‌ಕೋಡಿಂಗ್ ಅಥವಾ ಬೈಟ್ ಆರ್ಡರ್ ತಪ್ಪು. ಅವೆರಡೂ ಸರಿ ಇದ್ದೂ ಗೊರಗೊರನೇ ಅಂದ್ರೆ ಸ್ಯಾಂಪಲ್ ಶುರುವಾಗೋ ಜಾಗ ಒಂದೆರಡು ಬೈಟ್ ಪಕ್ಕಕ್ಕೆ ಸರಿದಿದೆ ಅಂತ ಅರ್ಥ, ಪ್ರತಿ ಸ್ಯಾಂಪಲ್ 4 ಬೈಟ್ ಆದ್ರಿಂದ ಆಫ್‌ಸೆಟ್‌ಗೆ 1, 2, 3 ಅಂತ ಕೊಟ್ಟು ನೋಡಿದ್ರೆ ಸಾಕು, ಅದರಲ್ಲಿ ಒಂದಕ್ಕೆ ದನಿ ಸರಿಯಾಗಿ ಕೂರತ್ತೆ. ದನಿ ಬಂತು, ಆದ್ರೆ ಅರ್ಧ ವೇಗದಲ್ಲಿ ದಪ್ಪಗೆ ಎಳೀತಾ ಇದೆ ಅಂದ್ರೆ ಸ್ಟೀರಿಯೋನ ಮೊನೊ ಅಂತ ಓದ್ತಿದ್ದೀರಿ. ಎರಡು ಪಟ್ಟು ವೇಗವಾಗಿ ಚಿಲಿಪಿಲಿ ಅನ್ನತ್ತೆ ಅಂದ್ರೆ ಮೊನೊನ ಸ್ಟೀರಿಯೋ ಅಂತ ಓದ್ತಿದ್ದೀರಿ. ಮೊನೊ ಅಂತ ಕೊಟ್ಟಾಗ ವೇಗ ಸರಿ ಇದೆ ಆದ್ರೆ ಅದೇ ಮಾತು ಎರಡೆರಡು ಸಲ ಬರ್ತಾ ಇದೆ ಅಂದ್ರೆ ಎಡ ಬಲ ಚಾನೆಲ್‌ಗಳು ಸ್ಯಾಂಪಲ್ ಸ್ಯಾಂಪಲ್ ಬೆರೆತಿಲ್ಲ, ಒಂದು ತುಂಡು ಎಡ, ಒಂದು ತುಂಡು ಬಲ ಅಂತ ಕೂತಿದೆ. ಆಗ ಎರಡನೇ ತುಂಡುಗಳನ್ನ ಕತ್ತರಿಸಿ ತೆಗೆದ್ರೆ ಮೊನೊ ದನಿ ಪೂರ್ತಿ ಸಿಗತ್ತೆ, ಮಾತಿನ ರೆಕಾರ್ಡಿಂಗ್‌ಗೆ ಅಷ್ಟು ಸಾಕು.

ಎಲ್ಲಕ್ಕಿಂತ ಮೋಸ ಮಾಡೋದು ರೇಟ್ ತಪ್ಪಾದಾಗ. 48,000ದ ದನಿಯನ್ನ 44,100 ಅಂತ ಓದಿದ್ರೆ ಎಲ್ಲ ಸರಿಯಾಗೇ ಕೇಳಿಸತ್ತೆ, ಸ್ವಲ್ಪ ನಿಧಾನ, ಸ್ವಲ್ಪ ದಪ್ಪ, ಶ್ರುತಿ ಒಂದೂವರೆ ಸ್ವರಸ್ಥಾನದಷ್ಟು ಕೆಳಗೆ. ಗೊತ್ತಿಲ್ಲದವರ ಮಾತಾದ್ರೆ ಅವರ ದನಿಯೇ ಹಾಗೆ ಅಂದ್ಕೊಂಡುಬಿಡ್ತೀವಿ. ಅದಕ್ಕೆ ಅವಧಿ ನೋಡಿ, 10 ನಿಮಿಷದ ರೆಕಾರ್ಡಿಂಗ್ 10 ನಿಮಿಷ 53 ಸೆಕೆಂಡ್ ತೋರಿಸಿದ್ರೆ ರೇಟ್ ತಪ್ಪಿದೆ. ಹಾಡಾದ್ರೆ ತಂಬೂರಿಯನ್ನೋ ಹಾರ್ಮೋನಿಯಮ್ಮನ್ನೋ ಶ್ರುತಿ ಆ್ಯಪ್‌ಗೆ ಹಿಡಿದು ನೋಡಿ.

ಚಾನೆಲ್ ಎಷ್ಟು ಅಂತ ಇಂಪೋರ್ಟ್ ಮಾಡೋ ಮುಂಚೆನೇ ಲೆಕ್ಕ ಹಾಕಿ ತಿಳ್ಕೋಬಹುದು. ಪ್ರಾಪರ್ಟೀಸ್‌ನಲ್ಲಿ ಸೈಜ್ ಬೈಟ್‌ನಲ್ಲಿ ನೋಡಿ, 4ರಿಂದ ಭಾಗಿಸಿ, ಆಮೇಲೆ ರೇಟ್‌ನಿಂದ ಭಾಗಿಸಿ. ಉದಾಹರಣೆಗೆ 69,12,00,000 ಬೈಟ್ ಇದೆ ಅಂದ್ಕೊಳ್ಳಿ, 4ರಿಂದ ಭಾಗಿಸಿದ್ರೆ 17,28,00,000 ಸ್ಯಾಂಪಲ್, 48,000ದಿಂದ ಭಾಗಿಸಿದ್ರೆ 3,600 ಸೆಕೆಂಡ್. ರೆಕಾರ್ಡಿಂಗ್ ಒಂದು ಗಂಟೆದು ಅಂತ ನೆನಪಿದ್ರೆ ಅದು ಮೊನೊ, ಅರ್ಧ ಗಂಟೆದು ಅಂತಾದ್ರೆ ಸ್ಟೀರಿಯೋ, ಹತ್ತು ನಿಮಿಷದ್ದು ಅಂದ್ರೆ ಆರು ಚಾನೆಲ್‌ನ ಸರೌಂಡ್.

ದನಿ ಸಿಕ್ಕಿದ ಖುಷಿಯಲ್ಲಿ ನೇರ ಎಂಪಿ3ಗೆ ಎಕ್ಸ್‌ಪೋರ್ಟ್ ಮಾಡ್ಬೇಡಿ. ಒಂದು ಸಲ ಎಎಸಿಯಲ್ಲಿ ಕುಗ್ಗಿದ ದನಿ ಅದು, ಮತ್ತೆ ಎಂಪಿ3ಯಲ್ಲಿ ಕುಗ್ಗಿಸಿದ್ರೆ ಇನ್ನಷ್ಟು ಕೆಡತ್ತೆ. ಮೊದಲು ವೇವ್ ಅಥವಾ ವಿವರ ಬಿಡದೆ ಕುಗ್ಗಿಸೋ ಫ್ಲಾಕ್‌ನಲ್ಲಿ ಇಟ್ಕೊಳ್ಳಿ, ವಾಟ್ಸಾಪ್‌ನಲ್ಲಿ ಕಳಿಸಕ್ಕೆ ಬೇಕಾದ್ರೆ ಅದರಿಂದ ಎಂಪಿ3 ಮಾಡ್ಕೊಳ್ಳಿ. ಫ್ಲಾಕ್ ಪೂರ್ಣಾಂಕದ ಫಾರ್ಮ್ಯಾಟ್, ಫ್ಲೋಟ್ ಹಿಡಿಯಲ್ಲ, ಎಕ್ಸ್‌ಪೋರ್ಟ್ ಮಾಡುವಾಗ 24-ಬಿಟ್ ಆರಿಸ್ಕೊಂಡ್ರೆ ಕಿವಿಗೆ ವ್ಯತ್ಯಾಸ ಆಗಲ್ಲ. ಆದ್ರೆ ಒಂದು ಎಚ್ಚರಿಕೆ ಇದೆ. ಚೆಂಡೆಯ ಪೆಟ್ಟು, ಪಟಾಕಿ, ಚಪ್ಪಾಳೆ ಇಂಥದ್ದು ಎಎಸಿಯಿಂದ ಬಿಚ್ಚಿದಾಗ ಸೊನ್ನೆ ಡೆಸಿಬಲ್ ಗೆರೆ ದಾಟಿ ಮೇಲೆ ಹೋಗಿರಬಹುದು, ಫ್ಲೋಟ್‌ನಲ್ಲಿರೋವರೆಗೆ ಅದು ಭದ್ರ, 24-ಬಿಟ್‌ಗೋ 16-ಬಿಟ್‌ಗೋ ಹಾಕಿದ ತಕ್ಷಣ ಗೆರೆ ಮೇಲಿನದೆಲ್ಲ ಕತ್ತರಿಸಿ ಹೋಗತ್ತೆ. ಅದಕ್ಕೆ ಎಕ್ಸ್‌ಪೋರ್ಟ್ ಮುಂಚೆ ಆಂಪ್ಲಿಫೈ ಎಫೆಕ್ಟ್ ತೆಗೆದು ಅತಿ ಎತ್ತರದ ಜಾಗ ಸೊನ್ನೆಗಿಂತ ಒಂದು ಡೆಸಿಬಲ್ ಕೆಳಗೆ ಬರೋ ಹಾಗೆ ಇಳಿಸಿ.

ಉದ್ದದ ರೆಕಾರ್ಡಿಂಗ್ ಆದ್ರೆ ಇನ್ನೊಂದು ತೊಡಕು. ಮಾಮೂಲಿ ವೇವ್ ಹೆಡರ್‌ನಲ್ಲಿ ಸೈಜ್ ಬರೆಯೋ ಜಾಗ 32-ಬಿಟ್ ಮಾತ್ರ, ಹಾಗಾಗಿ 4 ಜಿಬಿ ಮೀರಿದ ಫೈಲ್ ಸರಿಯಾಗಿ ಓದಲ್ಲ. 48,000 ರೇಟ್‌ನ ಸ್ಟೀರಿಯೋ ಫ್ಲೋಟ್‌ನಲ್ಲಿ ಆ ಮಿತಿ ಸುಮಾರು 3 ಗಂಟೆ 6 ನಿಮಿಷಕ್ಕೆ ಬರತ್ತೆ, 24-ಬಿಟ್‌ನಲ್ಲಿ 4 ಗಂಟೆ 8 ನಿಮಿಷ, 16-ಬಿಟ್‌ನಲ್ಲಿ 6 ಗಂಟೆ 12 ನಿಮಿಷ. ಎಂಟು ಗಂಟೆಯ ಆಟ ಯಾವುದರಲ್ಲೂ ಹಿಡಿಯಲ್ಲ. ಎರಡು ಮೂರು ಭಾಗ ಮಾಡಿ ಉಳಿಸಿ, ಅಥವಾ ಈ ಮಿತಿ ಇಲ್ಲದ ಫ್ಲಾಕ್‌ಗೆ ಹಾಕಿ.

ಇನ್ನು ಅಡಾಸಿಟಿಯ ಸ್ವಂತ ಫೈಲ್‌ಗಳು. ಇಲ್ಲಿ ನಾನು ಹೆಚ್ಚು ಒತ್ತಿ ಹೇಳಬೇಕು, ಯಾಕಂದ್ರೆ ಪ್ರೀಮಿಯರ್‌ಗೆ ಹೇಳಿದ ಮಾತು ಇಲ್ಲಿ ಪೂರ್ತಿ ಉಲ್ಟಾ. 2021ರ ಮಾರ್ಚ್‌ನಲ್ಲಿ 3.0 ಬರೋವರೆಗೆ ಅಡಾಸಿಟಿ ಒಂದು ಪ್ರಾಜೆಕ್ಟ್ ಸೇವ್ ಮಾಡಿದ್ರೆ ಎರಡು ವಸ್ತು ಹುಟ್ಟುತ್ತಿತ್ತು: ಡಾಟ್ ಎಯುಪಿ ಅನ್ನೋ ಚಿಕ್ಕ ಫೈಲ್, ಅದೇ ಹೆಸರಿಗೆ ಡೇಟಾ ಅಂತ ಸೇರಿಸಿದ ಫೋಲ್ಡರ್. ಎಯುಪಿ ಬರೀ ಪಟ್ಟಿ, ಯಾವ ತುಂಡಾದ ಮೇಲೆ ಯಾವ ತುಂಡು ಅಂತ ಬರೆದಿರೋ ಟೆಕ್ಸ್ಟ್. ದನಿ ಇರೋದು ಫೋಲ್ಡರ್ ಒಳಗೆ, ಒಂದೊಂದೂ ಹೆಚ್ಚು ಕಮ್ಮಿ ಒಂದು ಎಂಬಿಯ ಎಯು ಫೈಲ್‌ಗಳಾಗಿ. ಒಂದು ಎಂಬಿಯಲ್ಲಿ 2,62,144 ಫ್ಲೋಟ್ ಸ್ಯಾಂಪಲ್ ಹಿಡಿಯತ್ತೆ, 44,100 ರೇಟ್‌ನಲ್ಲಿ ಅದು ಆರು ಸೆಕೆಂಡ್‌ಗಿಂತ ಸ್ವಲ್ಪ ಕಡಿಮೆ. ಒಂದು ಗಂಟೆಯ ಸ್ಟೀರಿಯೋ ರೆಕಾರ್ಡಿಂಗ್ ಅಂದ್ರೆ ಸುಮಾರು 1,200 ಫೈಲ್. ಇದನ್ನ ನೋಡಿ ಏನೋ ಟೆಂಪರರಿ ಕಸ ಅಂದ್ಕೊಂಡು ಫೋಲ್ಡರ್ ಅಳಿಸಿ ಎಯುಪಿ ಮಾತ್ರ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದವರಿಗೆ ಕೊನೆಗೆ ಉಳಿದದ್ದು ಪಟ್ಟಿ ಮಾತ್ರ.

ಎಯುಪಿ ಮತ್ತು ಫೋಲ್ಡರ್ ಎರಡೂ ಇದ್ರೆ ಕನ್ವರ್ಟ್ ಅನ್ನೋದೇನೂ ಬೇಡ, ಈಗಿನ ಅಡಾಸಿಟಿಯಲ್ಲಿ ಎಯುಪಿ ತೆಗೀರಿ, ಅದೇ ಹೊಸ ರೂಪಕ್ಕೆ ತಂದುಕೊಳ್ಳತ್ತೆ. ಎರಡೂ ಒಂದೇ ಜಾಗದಲ್ಲಿರಬೇಕು, ಫೋಲ್ಡರ್ ಹೆಸರು ಬದಲಿಸಿರಬಾರದು, ಅಷ್ಟೇ.

ಎಯುಪಿ ಹೋಗಿ ತುಂಡುಗಳು ಮಾತ್ರ ಉಳಿದಾಗ ಕೆಲಸ ಜಾಸ್ತಿ. ಎಯು ಅನ್ನೋದು ಅಡಾಸಿಟಿಯವರ ಸ್ವಂತದ್ದಲ್ಲ, ಸನ್ ಮೈಕ್ರೋಸಿಸ್ಟಮ್ಸ್ ಕಾಲದ ಹಳೇ ಫಾರ್ಮ್ಯಾಟ್, ಅದರ ಮೊದಲ ನಾಲ್ಕು ಬೈಟ್‌ನಲ್ಲಿ ಚುಕ್ಕೆ ಎಸ್ ಎನ್ ಡಿ ಅಂತ ಇರಬೇಕು. ಮಾಮೂಲಿ ವಿಂಡೋಸ್ ಕಂಪ್ಯೂಟರ್‌ನಲ್ಲಿ ಅಡಾಸಿಟಿ ಬರೆದ ಎಯುನ ಹೆಕ್ಸ್ ಎಡಿಟರ್‌ನಲ್ಲಿ (ಫೈಲ್‌ನ ಬೈಟ್‌ಗಳನ್ನ ಹಾಗೇ ತೋರಿಸೋ ಸಾಫ್ಟ್‌ವೇರ್) ತೆಗೆದ್ರೆ ಅದು ತಿರುಗುಮುರುಗಾಗಿ ಡಿ ಎನ್ ಎಸ್ ಚುಕ್ಕೆ ಅಂತ ಕಾಣತ್ತೆ, ಬೈಟ್‌ಗಳನ್ನ ಲಿಟಲ್ ಎಂಡಿಯನ್ ಕ್ರಮದಲ್ಲಿ ಬರೆದಿರೋದ್ರಿಂದ. ಮುಂದೆ ಹೋದ್ರೆ ಅಡಾಸಿಟಿ ಬ್ಲಾಕ್ ಫೈಲ್ ಅನ್ನೋ ಗುರುತು, ಆಮೇಲೆ ಮೇಲೆ ಹೇಳಿದ ಪೀಕ್ ಅಂಕಿಗಳು, ಅದೆಲ್ಲ ಮುಗಿದ ಮೇಲೆ ದನಿ. ದನಿ ಎಷ್ಟನೇ ಬೈಟ್‌ನಿಂದ ಶುರು ಅಂತ ಹೆಡರ್‌ನ ಎರಡನೇ ಅಂಕಿಯಲ್ಲೇ ಬರೆದಿರತ್ತೆ. ರಾ ಡೇಟಾ ಅಂತ ಸೊನ್ನೆ ಆಫ್‌ಸೆಟ್‌ನಿಂದ ಓದಿದ್ರೆ ಪ್ರತಿ ಆರು ಸೆಕೆಂಡಿಗೊಮ್ಮೆ ಚಟಕ್ ಅಂತ ಶಬ್ದ ಬರೋದು ಇದಕ್ಕೇ, ಪೀಕ್ ಅಂಕಿಗಳೂ ದನಿ ಅಂದ್ಕೊಂಡು ಓದಿರತ್ತೆ. ಹಾಗಾಗಿ ರಾ ಬೇಡ, ಮಾಮೂಲಿ ಆಡಿಯೋ ಇಂಪೋರ್ಟ್‌ನಲ್ಲೇ ಎಯು ಕೊಡಿ, ಹೆಡರ್ ಅದೇ ನೋಡ್ಕೊಳ್ಳತ್ತೆ. ಹೆಡರ್‌ನ ಸ್ಯಾಂಪಲ್ ರೇಟ್ ಒಂದನ್ನ ಮಾತ್ರ ನಂಬಬೇಡಿ, ಅಡಾಸಿಟಿ ಅಲ್ಲಿ 44,100 ಅಂತಲೇ ಬರೆದಿಡ್ತಿತ್ತು, ನಿಮ್ಮ ಟ್ರ್ಯಾಕ್ 48,000 ಇದ್ರೂ ಕೂಡ.

ತುಂಡುಗಳ ಕ್ರಮ ಫೈಲ್ ಹೆಸರಿನಿಂದ ಸಿಗಲ್ಲ, ಹೆಸರಿನಲ್ಲಿರೋ ಅಂಕಿ ಅಕ್ಷರ ಕ್ರಮವಾಗಿ ಬಂದಿರಲ್ಲ. ಡೇಟ್ ಮಾಡಿಫೈಡ್ ಪ್ರಕಾರ ಜೋಡಿಸಿದ್ರೆ ರೆಕಾರ್ಡ್ ಆದ ಕ್ರಮ ಸಿಗತ್ತೆ. ಸ್ಟೀರಿಯೋ ಆದ್ರೆ ಒಂದು ಎಡ, ಒಂದು ಬಲ ಅಂತ ಸರದಿಯಲ್ಲಿ ಬಂದಿರತ್ತೆ, ಒಂದು ಬಿಟ್ಟು ಒಂದು ತಗೊಂಡು ಎರಡು ಟ್ರ್ಯಾಕ್ ಮಾಡ್ಕೋಬೇಕು. ಬರೀ ರೆಕಾರ್ಡ್ ಮಾಡಿ ಬಿಟ್ಟ ಪ್ರಾಜೆಕ್ಟ್‌ಗೆ ಇದು ಚೆನ್ನಾಗಿ ನಡೆಯತ್ತೆ. ಕಟ್ ಮಾಡಿ, ಎಫೆಕ್ಟ್ ಹಾಕಿ, ಮಧ್ಯೆ ಸೇರಿಸಿ ಎಲ್ಲ ಮಾಡಿದ್ರೆ ಬದಲಾದ ತುಂಡುಗಳು ಹೊಸ ಸಮಯಕ್ಕೆ ಹೊಸದಾಗಿ ಬರೆದಿರತ್ತೆ, ಆಗ ಕಿವಿಯಿಂದ ಕೇಳಿ ಜೋಡಿಸೋದು ಬಿಟ್ರೆ ದಾರಿ ಇಲ್ಲ. ಅದೇ ಫೋಲ್ಡರ್‌ನಲ್ಲಿ ಎಯುಎಫ್ ಅಂತ ತೀರಾ ಚಿಕ್ಕ ಫೈಲ್‌ಗಳು ಕಂಡ್ರೆ ಅವುಗಳಲ್ಲಿ ದನಿ ಇಲ್ಲ, ಪೀಕ್ ಮಾತ್ರ, ದನಿ ನೀವು ಇಂಪೋರ್ಟ್ ಮಾಡಿದ ಮೂಲ ವೇವ್‌ನಲ್ಲೇ ಉಳಿದಿರತ್ತೆ, ಅದನ್ನ ಹುಡುಕಿ.

3.0 ಬಂದ ಮೇಲೆ ಈ ಸಾವಿರ ತುಂಡಿನ ತಾಪತ್ರಯ ಹೋಯ್ತು, ಎಲ್ಲ ಸೇರಿ ಎಯುಪಿ3 ಅನ್ನೋ ಒಂದೇ ಫೈಲ್. ಒಳಗೆ ಅದು ಎಸ್‌ಕ್ಯೂಲೈಟ್ ಡೇಟಾಬೇಸ್, ತುಂಡುಗಳು ಈಗಲೂ ಇವೆ, ಡೇಟಾಬೇಸ್‌ನ ಸಾಲುಗಳಾಗಿ ಕೂತಿವೆ. ಪ್ರಾಜೆಕ್ಟ್ ತೆರೆದಿರುವಾಗ ಪಕ್ಕದಲ್ಲಿ ಅದೇ ಹೆಸರಿಗೆ ವಾಲ್, ಎಸ್‌ಎಚ್‌ಎಂ ಅಂತ ಬಾಲ ಇರೋ ಇನ್ನೆರಡು ಫೈಲ್ ಕಾಣತ್ತೆ. ವಾಲ್ ಫೈಲನ್ನ ದಯವಿಟ್ಟು ಅಳಿಸಬೇಡಿ. ಡೇಟಾಬೇಸ್‌ಗೆ ಹೊಸದಾಗಿ ಬರೆದದ್ದು ಮೊದಲು ವಾಲ್‌ಗೆ ಹೋಗಿ ಆಮೇಲೆ ಮುಖ್ಯ ಫೈಲ್‌ಗೆ ಸೇರತ್ತೆ, ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದಾಗ ಕೊನೆಯ ರೆಕಾರ್ಡಿಂಗ್ ಇನ್ನೂ ವಾಲ್‌ನಲ್ಲೇ ಇರಬಹುದು. ಕಾಪಿ ಮಾಡೋದಾದ್ರೆ ಮೂರನ್ನೂ ಒಟ್ಟಿಗೆ ಮಾಡಿ, ಹೆಸರು ಬದಲಿಸೋದಾದ್ರೂ ಒಂದೇ ಥರ ಬದಲಿಸಿ, ಹೆಸರು ಹೊಂದದಿದ್ರೆ ಡೇಟಾಬೇಸ್ ವಾಲ್‌ನ ನೋಡೋದೇ ಇಲ್ಲ.

ಸೇವ್ ಮಾಡೋ ಮುಂಚೆನೇ ಅಡಾಸಿಟಿ ಕ್ರ್ಯಾಶ್ ಆಗಿದ್ರೆ ಮೊದಲು ಅದನ್ನೇ ಮತ್ತೆ ತೆಗೀರಿ, ರಿಕವರ್ ಮಾಡಲಾ ಅಂತ ಕೇಳತ್ತೆ, ಹೂಂ ಅನ್ನಿ. ಡಿಸ್ಕಾರ್ಡ್ ಅನ್ನೋ ಬಟನ್ ಕಡೆ ಕೈ ಹೋಗದಿರಲಿ. ಆ ಕಿಟಕಿ ಬರದಿದ್ರೆ ವಿಂಡೋಸ್‌ನಲ್ಲಿ ಆಪ್‌ಡೇಟಾ, ಲೋಕಲ್, ಅಡಾಸಿಟಿ, ಸೆಷನ್‌ಡೇಟಾ ಫೋಲ್ಡರ್ ನೋಡಿ, ಅಲ್ಲಿ ರೆಕಾರ್ಡ್ ಶುರು ಮಾಡಿದ ದಿನಾಂಕ ಸಮಯ ಇರೋ ಹೆಸರಿಗೆ ಎಯುಪಿ3ಅನ್‌ಸೇವ್ಡ್ ಅನ್ನೋ ಎಕ್ಸ್‌ಟೆನ್ಶನ್ ಇರೋ ಫೈಲ್ ಇರತ್ತೆ. ಅದನ್ನೂ ಅದರ ವಾಲ್ ಜೊತೆ ಬೇರೆ ಕಡೆ ಕಾಪಿ ಮಾಡಿ, ಅನ್‌ಸೇವ್ಡ್ ಅನ್ನೋದನ್ನ ಎರಡರ ಹೆಸರಿನಿಂದಲೂ ತೆಗೆದು, ಅಡಾಸಿಟಿಯಲ್ಲಿ ಓಪನ್ ಮಾಡಿ, ದನಿ ಕಂಡ ಕೂಡ್ಲೇ ಬೇರೆ ಯಾವ ಎಡಿಟ್‌ಗೂ ಕೈ ಹಾಕದೆ ಒಂದು ವೇವ್ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ.